ಅಜ್ಜನ ಹದಿನಾಲ್ಕು ಗುಂಡಿ

ಬಾಲ್‌ಡೋರನ್ ಊರಿನ ಕ್ರೀಡಾಕೂಟಕ್ಕೆ ಇನ್ನು ಮುಂದೆ ಯೂಯನ್ನೇ ನಾಯಕ ಅಂತ ಗ್ರಿಜೆಲ್ ಅತ್ತೆ ಹೇಳಿದಾಗ ಮುಂಗೊ ನಕ್ಕು ತಮ್ಮನ ಬೆನ್ನು ತಟ್ಟಿದ. ಆ ನಗೆಯನ್ನು ಮುಖದ ಮೇಲೆ ನಿಲ್ಲಿಸಿಕೊಳ್ಳಲು ಅವನು ಪಟ್ಟ ಪಾಡು ಅವನಿಗೇ ಗೊತ್ತು. ಅಣ್ಣ ಅವನು, ಆರು ವರ್ಷಕ್ಕೆ ದೊಡ್ಡವನು. ಇಪ್ಪತ್ತು ವರ್ಷದಿಂದ ಮೈದಾನಕ್ಕೆ ಹಗ್ಗ ಕಟ್ಟಿದವನು ಅವನು, ಮಳೆಯಲ್ಲಿ ಗುಡಾರದ ಗೂಟ ಹೊಡೆದವನು ಅವನು. ಯೂಯನ್ ಮಾಡಿದ್ದೇನು? ಗ್ಲಾಸ್ಗೋದಲ್ಲಿ ಹತ್ತು ವರ್ಷ ಇದ್ದು, ಊರಿಗೆ ಬಂದು, ಕಂಡ ಕಂಡವರ ಹೆಗಲ ಮೇಲೆ ಕೈ ಹಾಕಿ ಮಾತಾಡಿದ. ಅಷ್ಟಕ್ಕೇ ಊರು ಕರಗಿಹೋಯಿತು!

ನಾಯಕನ ಕುರ್ಚಿ ಒಮ್ಮೆ ಸಿಕ್ಕರೆ ಬದುಕಿರುವವರೆಗೆ. ಅಜ್ಜ ಆ ಕುರ್ಚಿಯಲ್ಲಿ ಮೂವತ್ತೊಂದು ವರ್ಷ ಕೂತಿದ್ದ. ಕುರ್ಚಿಯ ಜೊತೆಗೆ ಅಜ್ಜನ ಕೋಟಿನ ಬೆಳ್ಳಿ ಗುಂಡಿಗಳೂ ಹೋಗುತ್ತಿದ್ದವು. ಹದಿನಾಲ್ಕು ಗುಂಡಿ, ಪ್ರತಿಯೊಂದರ ಮೇಲೂ ಸಾರಂಗದ ತಲೆ. ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಮುಂಗೊ ಅವನ್ನು ಎಣಿಸಿ ಎಣಿಸಿ ಅಂಕಿ ಕಲಿತಿದ್ದ. ಅವು ತನ್ನವೇ ಅಂತ ಅವನಿಗೆ ಆಗಲೇ ಖಾತ್ರಿಯಾಗಿತ್ತು.

ಇದರ ಮೇಲೆ ಯೂಯನ್ ಬಂದು ಏನಂದ ಗೊತ್ತೇ?

“ಅಣ್ಣಾ, ನಂಗೆ ಕೋಟಿನ ವಿಷಯ ಒಂದೂ ತಿಳಿಯಲ್ಲ. ನೀನೇ ಬಂದು ಆರಿಸ್ಬೇಕು. ಅತ್ತೆ ಇಬ್ರಿಗೂ ಒಂದೇ ಥಾನಿನ ಬಟ್ಟೆ ತಗೊಂಡಿದಾರೆ. ಕೂಟದ ದಿನ ನೀನು ನನ್ನ ಪಕ್ಕದಲ್ಲೇ ನಿಂತ್ಕೋಬೇಕು.”

ಪಕ್ಕದಲ್ಲಿ! ಮುಂಗೊಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹೋದ. ಹೋಗದಿದ್ದರೆ ಹೊಟ್ಟೆಕಿಚ್ಚು ಅಂತಾರಲ್ಲ.

ಟೈಲರ್ ಪೆಟ್ರಿಯ ಅಂಗಡಿಯಲ್ಲಿ ಅಂದು ಮುಂಗೊ ಹೇಳಿದ್ದೇ ವೇದವಾಯಿತು. ಕಿಲ್ಟ್ ಮೇಲಿನ ಕೋಟು ಪ್ಯಾಂಟಿನ ಮೇಲಿನ ಕೋಟಿನಂತಲ್ಲ. ಅಂಚು ಸೊಂಟದಿಂದ ಅಂಗೈಯಗಲ ಕೆಳಗಿಳಿದರೆ ಸಾಕು, ಇನ್ನೂ ಇಳಿದರೆ ಮುಂದೆ ತೂಗುವ ಸ್ಪೋರನ್ ಚೀಲ ಮುಚ್ಚಿಹೋಗಿ ಮನುಷ್ಯ ಲಂಗ ಉಟ್ಟವನಂತೆ ಕಾಣುತ್ತಾನೆ. ಭುಜ ಬಿಗಿಯಾಗಿರಬೇಕು, ಕೈ ಎತ್ತಿದರೆ ಕಾಲರ್ ಏಳಬಾರದು. ಮುಂಗೊ ಸ್ಪೋರನ್ ಹೊಲಿದು ಬದುಕುವವನು, ಅಂಗಡಿ ಪೆಟ್ರಿಯದರ ಹಿಂದೆಯೇ. ಇದೆಲ್ಲ ಅವನಿಗೆ ಅಂಗೈ ಮೇಲಿನ ಗೆರೆ.

“ಹಗಲಿನ ಟ್ವೀಡ್ ಕೋಟಿಗೆ ಕೊಂಬಿನ ಗುಂಡಿ ಚೆಂದ. ಬೆಳ್ಳಿ ಏನಿದ್ರೂ ರಾತ್ರಿ ಊಟದ ಕಪ್ಪು ಕೋಟಿಗೆ,” ಅಂದ ಮುಂಗೊ. ಮನಸ್ಸಿನ ಮೂಲೆಯಲ್ಲಿ ಒಂದು ಆಸೆ, ಅಜ್ಜನ ಗುಂಡಿಯಾದರೂ ತಮ್ಮನ ಕೈತಪ್ಪಲಿ ಅಂತ.

“ನಾಯಕನಿಗೆ ಆ ಕಾನೂನಿಲ್ಲ ಮಾರಾಯ,” ಅಂದ ಪೆಟ್ರಿ. “ನಿಮ್ಮಜ್ಜ ಟ್ವೀಡಿಗೇ ಬೆಳ್ಳಿ ಹಾಕ್ಕೊಂಡು ಕೂತಿದ್ದು ನನ್ನ ಕಣ್ಣಲ್ಲೇ ಇದೆ. ಸರಿ, ನಿಂಗೆ ಕೊಂಬಿಂದು, ಅವನಿಗೆ ಬೆಳ್ಳಿ. ಎಲ್ಲಿ, ಕೈ ನೀಡು... ಎಡಗೈ ಇನ್ನೂ ಅರ್ಧ ಇಂಚು ಗಿಡ್ಡವೇ ಇದೆಯಲ್ಲೋ!”

ಒಂಬತ್ತನೇ ವಯಸ್ಸಿನಲ್ಲಿ ಮುಂಗೊ ಹುಲ್ಲಿನ ಬಂಡಿಯಿಂದ ಬಿದ್ದು ಮುರಿದುಕೊಂಡ ಕೈ ಅದು.

“ಇನ್ನೇನು, ಈ ವಯಸ್ಸಲ್ಲಿ ಬೆಳೆಯುತ್ತಾ?” ಯೂಯನ್ ನಕ್ಕ. “ಅದಕ್ಕೇ ಅಣ್ಣ ಎಡಗೈಲಿ ವಿಸ್ಕಿ ಸುರಿದ್ರೆ ಯಾವಾಗ್ಲೂ ಅರ್ಧ ಇಂಚು ಕಮ್ಮಿ!”

ಪೆಟ್ರಿಯೂ ನಕ್ಕ. ಮುಂಗೊ ನಗಲಿಲ್ಲ. ನಗು ನಗು, ಎಷ್ಟು ದಿನ ನಗುತ್ತೀಯೋ ನೋಡೋಣ ಅಂದುಕೊಂಡ.

ಉಪಾಯ ಅವನಿಗೆ ಹೊಳೆದದ್ದು ಆ ಸಂಜೆಯೇ. ಪೆಟ್ರಿ ಗುಂಡಿಗಳನ್ನು ಉಜ್ಜಿ ಬೆಳಗಲು ಅವನಿಗೇ ಕೊಟ್ಟಿದ್ದ. ಸ್ಪೋರನ್ ಬಾಯಿಗೆ ಹಾಕುವ ಲೋಹದ ಪಟ್ಟಿಯನ್ನು ಎರಕ ಹೊಯ್ಯುವವನೂ ಮುಂಗೊನೇ. ಒಂದು ಗುಂಡಿಯನ್ನು ಹಸಿ ಜೇಡಿಯಲ್ಲಿ ಒತ್ತಿದ, ಅಚ್ಚು ತೆಗೆದ, ತವರ ಕರಗಿಸಿ ಹದಿನಾಲ್ಕು ಹೊಯ್ದ. ಸಾರಂಗದ ಕೊಂಬಿನ ಕವಲು ಕೂಡ ತಪ್ಪಲಿಲ್ಲ. ಗುಂಡಿಯ ಬೆನ್ನಿಗೆ ಅಸಲಿ ಬೆಳ್ಳಿ ಅಂತ ಹೊಡೆದಿದ್ದ ಮೂರು ಮುದ್ರೆ ಮಾತ್ರ ಬೇಕೆಂದೇ ಬಿಟ್ಟ. ಜಾಣತನ ಇದ್ದದ್ದೇ ಅಲ್ಲಿ. ಎದುರಿನಿಂದ ಯಾರೂ ಕಂಡುಹಿಡಿಯಬಾರದು. ಗುಂಡಿಯನ್ನು ಓರೆ ಮಾಡಿ ಬೆನ್ನು ನೋಡಿದರೆ ಕುರುಡನಿಗೂ ಗೊತ್ತಾಗಬೇಕು. ಅಸಲಿಯನ್ನು ಪೆಟ್ರಿಗೆ ವಾಪಸು ಕೊಟ್ಟ, ಎಲ್ಲರ ಎದುರಿಗೆ, ಎಣಿಸಿ. ನಾಳೆ ಬೆರಳು ತನ್ನ ಕಡೆ ತಿರುಗಬಾರದಲ್ಲ.

ಕೂಟ ಶನಿವಾರ. ಬುಧವಾರ ಹನ್ನೆರಡಕ್ಕೆ ಪೆಟ್ರಿ ಎಂದಿನಂತೆ ಮನೆಗೆ ಸೂಪು ಕುಡಿಯಲು ಹೋದ. ಒಂದರವರೆಗೆ ಬರುವವನಲ್ಲ. ಹಿತ್ತಲ ಬಾಗಿಲಿನ ಬೀಗದ ಕೈ ಇಬ್ಬರಿಗೂ ಸೇರಿದ್ದು. ಒಳಗೆ ಕೋಟುಗಳೆರಡೂ ಒಂದರ ಪಕ್ಕ ಒಂದು ತೂಗುತ್ತಿದ್ದವು: ಒಂದಕ್ಕೆ ಕೊಂಬಿನ ಗುಂಡಿ, ಇನ್ನೊಂದಕ್ಕೆ ಅಜ್ಜನ ಬೆಳ್ಳಿ. ಮುಂಗೊ ಬೆಳ್ಳಿಯದನ್ನು ಮೊಳೆಯಿಂದ ಇಳಿಸಿದ. ಎಷ್ಟು ಚೆನ್ನಾಗಿ ಕೂತಿವೆ, ಅಯ್ಯೋ, ಆ ಯೂಯನ್ನನ ಎದೆಯ ಮೇಲೆ ಕೂರಲಿಕ್ಕೆ!

ಮೇಜಿನ ಮೇಲೆ ಕೋಟು ಹರವಿ, ಬೆಳ್ಳಿ ಬಿಚ್ಚಿ ತವರದ್ದು ಹೊಲಿಯಲು ಶುರುಮಾಡಿದ. ಎದೆಗೆ ಎರಡು, ಜೇಬಿನ ಮುಚ್ಚಳಗಳಿಗೆ ಮೂರು ಮೂರು. ಪೆಟ್ರಿಯ ಹಳೇ ದಾರದ್ದೇ ಬಣ್ಣ, ಅಷ್ಟೇ ಸುತ್ತು. ಕೊನೆಗೆ ತೋಳುಗಳ ಮೂರು ಮೂರು. ಎರಡು ತೋಳನ್ನೂ ಜೋಡಿಸಿ ಇಟ್ಟರೆ ಅಂಚು ಸಮನಾಗಿ ಕೂರಲೇ ಇಲ್ಲ, ಒಂದು ಹಿಂದಕ್ಕೆ ಜಾರಿತು. ಥತ್ ಅಂತ ಎಳೆದು ಸರಿ ಮಾಡಿ ಹೊಲಿದ. ಹನ್ನೆರಡೂ ಐವತ್ತಕ್ಕೆ ಕೋಟು ಮತ್ತೆ ಮೊಳೆಗೆ ಸೇರಿತು. ಹದಿನಾಲ್ಕು ಬೆಳ್ಳಿ ಗುಂಡಿ ಮುಂಗೊನ ಸ್ಪೋರನ್‌ಗೆ ಸೇರಿದವು, ತಾನೇ ಹೊಲಿದಿದ್ದ ಕಳ್ಳಜೇಬಿಗೆ.

ಆಮೇಲೆ ಅತ್ತೆಗೊಂದು ಕಾಗದ. ಎಡಗೈಯಲ್ಲಿ, ದಪ್ಪಕ್ಷರದಲ್ಲಿ ಬರೆದ: “ನಿಮ್ಮ ತಂದೆಯ ಗುಂಡಿ ಹಾಕಿಕೊಂಡು ಬರುವವನು ಅಸಲಿಯನ್ನು ಮಾರಿಕೊಂಡು ತಿಂದಿದ್ದಾನೆ. ಬೆನ್ನಿಗೆ ಮೂರು ಮುದ್ರೆ ಇದೆಯೇ, ತಿರುಗಿಸಿ ನೋಡಿ.” ತನ್ನ ಹೆಸರಂತೂ ಇಲ್ಲ, ಯೂಯನ್ನನ ಹೆಸರನ್ನೂ ಬರೆಯಲಿಲ್ಲ. ಹೆಸರು ಹಾಕಿದರೆ ಹಗೆ ಸಾಧಿಸಿದಂತೆ ಕಾಣುತ್ತದೆ. ಯಾರ ಎದೆಯ ಮೇಲೆ ಗುಂಡಿಯೋ ಅವನೇ ಕಳ್ಳ, ಅಷ್ಟು ಸಾಕು. ಕಾಗದವನ್ನು ಅವನು ಮೂರು ಸಲ ಓದಿಕೊಂಡು ಮೆಚ್ಚಿದ. ಪರ್ತ್ ಪೇಟೆಗೆ ಹೋಗಿ ಅಂಚೆಗೆ ಹಾಕಿದ. ಯೂಯನ್ ಮಾನ ಕಳೆದುಕೊಂಡು ಗ್ಲಾಸ್ಗೋ ದಾರಿ ಹಿಡಿದ ಮೇಲೆ, ಎಲ್ಲೋ ಎಡಿನ್‌ಬರೋ ವ್ಯಾಪಾರಿಯ ಹತ್ತಿರ ಹುಡುಕಿದರೆ ಸಿಕ್ಕವು ಅಂತ ಗುಂಡಿ ತಂದೊಪ್ಪಿಸುವುದು. ಆಗ ಕುರ್ಚಿ ಇನ್ಯಾರಿಗೆ ಹೋಗುತ್ತದೆ?

ಶನಿವಾರ ಬೆಳಗ್ಗೆ ಬ್ಯಾಗ್‌ಪೈಪ್ ಊದುವವರು ಶ್ರುತಿ ಕೂಡಿಸುತ್ತಿದ್ದರು. ನಾಯಕನ ಗುಡಾರದಲ್ಲಿ ಮುಂಗೊ ಅಂಗಿ, ಕಿಲ್ಟ್, ಸ್ಪೋರನ್ ತೊಟ್ಟು ಕೋಟಿಗೆ ಕಾಯುತ್ತಿದ್ದ. ಯೂಯನ್ ಒಳಗೆ ಬಂದ. ಕೋಟು ಆಗಲೇ ಹಾಕಿದ್ದ. ಅದರ ಮೇಲಿದ್ದದ್ದು ಕೊಂಬಿನ ಗುಂಡಿ.

“ಕಣ್ಣು ಮುಚ್ಕೋ ಅಣ್ಣಾ,” ಅಂದ. ಹಿಂದಿನಿಂದ ಇನ್ನೊಂದು ಕೋಟು ತೊಡಿಸಿದ, ಎದೆಯ ಎರಡು ಗುಂಡಿ ತಾನೇ ಹಾಕಿದ. “ಹ್ಞಾಂ, ಈಗ ನೋಡ್ಕೋ.”

ಮುಂಗೊ ನೋಡಿಕೊಂಡ. ಎದೆಯ ಮೇಲೆ ಸಾರಂಗದ ತಲೆಗಳು.

“ಅಜ್ಜನ ಕುರ್ಚಿ ಹಿರಿಯನಿಗೇ ಸೇರ್ಬೇಕು ಕಣೋ,” ಯೂಯನ್ನನ ಕಣ್ಣು ತುಂಬಿತ್ತು. “ಅತ್ತೇನ ಒಪ್ಪಿಸೋಕೆ ಮೂರು ವಾರ ಹಿಡೀತು. ಅಳತೆ ಕೊಟ್ಟ ಮಾರನೇ ದಿನವೇ ಪೆಟ್ರಿಗೆ ಹೇಳ್ಬಿಟ್ಟಿದ್ದೆ, ಬೆಳ್ಳಿ ಅಣ್ಣನ ಕೋಟಿಗೆ ಹಾಕಿ, ಬಾಯಿ ಬಿಡಬೇಡಿ ಅಂತ.”

 ಅಷ್ಟರಲ್ಲಿ ಗುಡಾರದ ಪರದೆ ಸರಿಯಿತು. ಗ್ರಿಜೆಲ್ ಅತ್ತೆ, ಕನ್ನಡಕ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದುಕೊಂಡು ಬಂದಿದ್ದರು. ಮುಂಗೊನ ಎದೆಯ ಗುಂಡಿಯನ್ನು ಓರೆ ಮಾಡಿ ನೋಡಿದರು. ಇನ್ನೊಂದನ್ನೂ ನೋಡಿದರು.

“ನಮ್ಮಪ್ಪನ ಗುಂಡಿ ಎಲ್ಲೋ?”

“ಅತ್ತೇ, ಇದು ನನ್ನ ಕೋಟಲ್ಲ!” ಮುಂಗೊ ಕೂಗಿಬಿಟ್ಟ. “ಇದು ಅವನದ್ದು! ಅಸಲಿ ಮಾರ್ಕೊಂಡು, ಸಿಕ್ಕಿಬೀಳ್ತೀನಿ ಅಂತ ಈಗ ತನ್ನ ಕೋಟನ್ನ ನನ್ನ ಮೈಗೆ ಹಾಕಿದಾನೆ! ಬುಧವಾರದವರೆಗೂ ಬೆಳ್ಳಿ ಇದ್ದದ್ದು ಅವನ ಕೋಟಿನ ಮೇಲೆ, ನಾನೇ ಕಣ್ಣಾರೆ ನೋಡಿದೀನಿ, ಪೆಟ್ರಿ ಅಂಗಡಿಯಲ್ಲಿ!”

ಯೂಯನ್ ಅಣ್ಣನ ಮುಖವನ್ನೇ ನೋಡುತ್ತ ನಿಂತ.

“ಎರಡು ಕೈನೂ ಮುಂದೆ ಚಾಚು,” ಅಂದರು ಅತ್ತೆ. ಅವನು ಚಾಚಿದ. ಸ್ಪೋರನ್ ಒಳಗೆ ಏನೋ ಸಣ್ಣಗೆ ಕಿಣಿಕಿಣಿ ಅಂದಿತು. ಕೋಟಿನ ಬಲತೋಳು ಮಣಿಕಟ್ಟಿನ ಮೂಳೆಗೆ ಸರಿಯಾಗಿ ನಿಂತಿತ್ತು. ಎಡತೋಳೂ ಮಣಿಕಟ್ಟಿನ ಮೂಳೆಗೇ ಸರಿಯಾಗಿ ನಿಂತಿತ್ತು, ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಬುಧವಾರ ಮೇಜಿನ ಮೇಲೆ ಸಮನಾಗಿ ಕೂರದೆ ಹಿಂದಕ್ಕೆ ಜಾರಿದ್ದ, ಥತ್ ಅಂತ ತಾನೇ ಎಳೆದು ಹೊಲಿದಿದ್ದ ಆ ತೋಳು, ಮುಂಗೊನ ಕೈಯ ಅಳತೆಗೇ ಬಲತೋಳಿಗಿಂತ ಅರ್ಧ ಇಂಚು ಗಿಡ್ಡವಾಗಿತ್ತು.