ಹೊಂಬಿಸಿಲ ಪಟ್ಟಣದ ಕೌದಿ ಪರೀಕ್ಷೆ

ಬಲು ಹಿಂದೆ, ಹಕ್ಕಿ ಮಾತಾಡಿದರೆ ಯಾರೂ ತಿರುಗಿ ನೋಡದಿದ್ದ ಕಾಲದಲ್ಲಿ, ಹೊಂಬಿಸಿಲ ಪಟ್ಟಣ ಅಂತ ಒಂದು ರಾಜ್ಯವಿತ್ತು. ಹೆಸರೇನೋ ಹೊಂಬಿಸಿಲು, ಒಳಗೆ ಮಾತ್ರ ಗಡಗಡ ಚಳಿ. ಅರಮನೆಯ ಕಾರಂಜಿಯಲ್ಲಿ ಮೇಲಕ್ಕೆ ಚಿಮ್ಮಿದ ನೀರು ಮೇಲೆಯೇ ಹೆಪ್ಪುಗಟ್ಟಿ ನಿಂತಿತ್ತು. ಒಲೆಯ ಬೆಂಕಿಗೆ ಕೈ ಹಿಡಿದರೆ ಕೈ ಇನ್ನೂ ತಣ್ಣಗಾಗುತ್ತಿತ್ತು. ದೊರೆ ಮಲ್ಲಭೂಪ ಶಾಲಿನ ಮೇಲೆ ಶಾಲು ಹೊದ್ದು ಸಿಂಹಾಸನದ ಮೇಲೆ ಹಲ್ಲು ಕಟಕಟ ಅನ್ನಿಸುತ್ತ ಕೂತಿರುತ್ತಿದ್ದ. ಆ ಸದ್ದು ಪೇಟೆಗೆ ಕೇಳುತ್ತಿತ್ತಂತೆ. ನಗಬೇಡಿ, ಚಳಿ ದೊರೆಗೂ ಒಂದೇ, ದನ ಕಾಯುವವನಿಗೂ ಒಂದೇ.

ಇದೆಲ್ಲ ಹಿಮಕೇತು ಎಂಬ ಮಾಂತ್ರಿಕನ ಕೆಲಸ. ಚಳಿಯನ್ನು ತಂದು ಬಿಟ್ಟವನೂ ಅವನೇ, ಅದಕ್ಕೆ ಮದ್ದು ಹೇಳುತ್ತೇನೆ ಅಂತ ದೊರೆಯ ಮುಂದೆ ನಿಂತವನೂ ಅವನೇ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಜಾತಿ. ಅವನು ಹೇಳಿದ ಮದ್ದು ಇದು. ಪ್ರತಿ ಮಾಗಿಯಲ್ಲಿ ಅರಮನೆಯಲ್ಲಿ ಕೌದಿಗಳ ಪ್ರದರ್ಶನ ಆಗಬೇಕು. ಮೂವರು ಪರೀಕ್ಷಕರು ನೋಡಬೇಕು. ಮೂವರೂ ಒಪ್ಪಿದ ಕೌದಿಯನ್ನು ದೊರೆ ಹೊದ್ದರೆ ಚಳಿ ಬಿಡುತ್ತದೆ, ಹೊಲಿದವಳು ಕೇಳಿದ್ದು ಸಿಗುತ್ತದೆ. ಒಬ್ಬರು ಒಲ್ಲೆ ಅಂದರೂ ಆ ಕೌದಿ ಗೋಡೆಗೆ, ಹೊಲಿದವಳು ತನ್ನದೇ ಕೌದಿಯಲ್ಲಿ ಒಂದು ತೇಪೆ.

ಅಷ್ಟು ಗೊತ್ತಿದ್ದೂ ಹೆಂಗಸರು ಬರುತ್ತಲೇ ಇದ್ದರು. ಚಳಿ ಅರಮನೆ ದಾಟಿ ಹಳ್ಳಿಗಳ ತೊಟ್ಟಿಲಿಗೂ ಇಳಿದಿತ್ತಲ್ಲ, ಬಾರದೆ ಏನು ಮಾಡಿಯಾರು. ಜೊತೆಗೆ, ನನ್ನ ಹೊಲಿಗೆಯನ್ನು ಯಾರು ಒಲ್ಲೆ ಅಂತಾರೆ ಅನ್ನುವ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ. ಬಂದವರೆಲ್ಲ ತೇಪೆಯಾದರು. ಅವರ ಕೈಯಲ್ಲಿದ್ದ ಬಿಸಿಯೆಲ್ಲ ಹಿಮಕೇತುವಿನ ಮೈಗೆ ಸೇರಿತು. ಇಡೀ ಅರಮನೆಯಲ್ಲಿ ಅಂಗಿಯಿಲ್ಲದೆ ಓಡಾಡುತ್ತಿದ್ದವನು ಅವನೊಬ್ಬನೇ.

ಬಿಳಿಜೋಳದ ಹಳ್ಳಿಯ ಸಂಗವ್ವನೂ ಹಾಗೆ ಹೋದವಳು. ಮೂರು ಮಾಗಿ ಕಳೆದರೂ ತಿರುಗಿ ಬರಲಿಲ್ಲ. ಅವಳ ಮಗಳು ನಿಂಬೆವ್ವನಿಗೆ ಊರವರು, ಹೋದವಳು ಹೋದಳು, ನೀನು ನಿನ್ನ ಬದುಕು ನೋಡಿಕೊ ಅಂತ ಬುದ್ಧಿ ಹೇಳಿದರು. ನಿಂಬೆವ್ವ ಹೂಂ ಅಂದಳು. ಹೂಂ ಅಂದು, ಚೀಲ ಹಿಡಿದು ಮನೆಮನೆಗೆ ಹೋಗಿ ಹಳೇ ಬಟ್ಟೆ ಬೇಡಿ ತಂದಳು. ಅವಳಿಗೆ ಅವ್ವ ಬೇಕಾಗಿತ್ತು, ಅಷ್ಟೇ. ಬೇರೆ ಯಾವ ಬುದ್ಧಿಯೂ ಅವಳ ತಲೆಗೆ ಹತ್ತಲಿಲ್ಲ.

ಆ ಸೀಮೆಯ ಕೌದಿಯ ಬಗ್ಗೆ ಒಂದು ಮಾತು ಹೇಳಬೇಕು. ಹಲವು ಮನೆಯ ಬಟ್ಟೆ ಒಂದಾದಾಗ ಕೌದಿಗೆ ಜೀವ ಬರುತ್ತದೆ. ಜೀವ ಬಂದದ್ದಕ್ಕೆ ಹಸಿವಾಗುತ್ತದೆ. ಅದಕ್ಕೇ ಕೊನೆಯ ಮೂಲೆಯನ್ನು ಹೊಲಿಯುವ ಮೊದಲು ಒಳಗೆ ಒಂದು ತುತ್ತು ಜೋಳದ ರೊಟ್ಟಿ ಇಟ್ಟು, ಉಣ್ಣು ತಾಯಿ ಅಂದು, ಆಮೇಲೆ ಹೊಲಿಗೆ ಮುಗಿಸುತ್ತಾರೆ. ಉಂಡ ಕೌದಿ ಹೊದ್ದವರನ್ನು ಬೆಚ್ಚಗಿಡುತ್ತದೆ. ಹಸಿದ ಕೌದಿ ಹೊದ್ದವರನ್ನೇ ತಿನ್ನುತ್ತದೆ. ಸಂಗವ್ವ ಮಗಳಿಗೆ ಸೂಜಿ ಹಿಡಿಯಲು ಕಲಿಸುವ ಮೊದಲೇ ಇದನ್ನು ಕಲಿಸಿದ್ದಳು. ನಿಂಬೆವ್ವನೂ ತನ್ನ ಕೌದಿಗೆ ತುತ್ತಿಟ್ಟಳು, ಮೂಲೆ ಹೊಲಿದಳು, ಹೆಗಲಿಗೆ ಹಾಕಿಕೊಂಡು ಹೊರಟಳು.

ಅರಮನೆಯ ಪ್ರದರ್ಶನದ ಚಾವಡಿಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಛಾವಣಿ ಕಣ್ಣಿಗೆ ಎಟುಕುತ್ತಿರಲಿಲ್ಲ. ನೆಲದಿಂದ ಮೇಲಿನವರೆಗೂ ಗೋಡೆ ತುಂಬ ಕೌದಿಗಳು, ಮಲಗಿದ ಮಕ್ಕಳ ಎದೆಯ ಹಾಗೆ ಮೆಲ್ಲಗೆ ಏರುತ್ತ ಇಳಿಯುತ್ತ ಉಸಿರಾಡುತ್ತಿದ್ದವು. ಒಂದರಲ್ಲಿ ಹೊಳೆ ಹರಿಯುತ್ತಿತ್ತು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದರಲ್ಲಿ ಗಿಳಿಗಳು ತೇಪೆಯಿಂದ ತೇಪೆಗೆ ಹಾರುತ್ತಿದ್ದವು. ಇನ್ನೊಂದರಲ್ಲಿ ಆಗತಾನೆ ಸೂರ್ಯ ಮುಳುಗುತ್ತಿದ್ದ, ಎದುರಿಗೆ ನಿಂತವರ ಮುಖವೆಲ್ಲ ಕೆಂಪು. ನಿಂಬೆವ್ವನಿಗೆ ಭಯವಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಮನುಷ್ಯರ ಕೈ ಇಷ್ಟೆಲ್ಲ ಮಾಡುತ್ತದೆಯೇ ಅನ್ನಿಸಿತು. ಹೆಗಲ ಮೇಲಿದ್ದ ತನ್ನ ಕೌದಿ ನೋಡಿಕೊಂಡಳು. ಹಳೇ ಸೀರೆ, ಹಳೇ ಧೋತರ. ಇರಲಿ, ಬಂದದ್ದಾಯಿತು ಅಂದುಕೊಂಡಳು.

ಅವಳ ಮುಂದೆ ನಿಂತವಳು ಪೇಟೆಯ ಚಂಪಾಬಾಯಿ. ಅವಳ ಕೌದಿ ಬೆಳದಿಂಗಳ ಬಣ್ಣದ ಹೊಸ ರೇಷ್ಮೆ ಪಟ್ಟೆಯದ್ದು, ಕಣ್ಣು ಕೋರೈಸುವಂಥದ್ದು. ನಿಂಬೆವ್ವನ ಕೌದಿಯನ್ನು ನೋಡಿ ಚಂಪಾಬಾಯಿ, ಇದನ್ನು ತೋರಿಸೋಕೆ ತಂದೆಯೋ ಒಗೆಯೋಕೆ ತಂದೆಯೋ ಅಂತ ಕೇಳಿದಳು. ಕೇಳಿ ನಕ್ಕವಳು, ತಣ್ಣಗಾಗಿದ್ದ ನಿಂಬೆವ್ವನ ಕೈಯನ್ನು ತನ್ನ ಕೈಯಲ್ಲಿಟ್ಟು ಉಜ್ಜಿದಳು. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ.

ಮೊದಲ ಪರೀಕ್ಷಕ ಒಂದು ಬಿಳಿ ಹುಲಿ. ಕೌದಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಉಗುರು ಎಳೆಯುವುದು ಅದರ ಕೆಲಸ. ಹರಿದರೆ ಮುಗಿಯಿತು. ಚಂಪಾಬಾಯಿಯ ಹೊಲಿಗೆ ಗಟ್ಟಿಮುಟ್ಟು, ದಾಟಿದಳು. ನಿಂಬೆವ್ವನ ಕೌದಿಯ ಮೇಲೆ ಹುಲಿ ಒಂದು ಉಗುರು ಊರಿತು. ಹಳೇ ಬಟ್ಟೆ ಅಲ್ಲವೇ, ಎಷ್ಟೋ ಸಲ ಒಗೆದು ಮೆತ್ತಗಾದದ್ದು, ಉಗುರಿನ ಜೊತೆಗೆ ತಾನೂ ಬಾಗಿತು, ಹರಿಯಲಿಲ್ಲ. ಹುಲಿ ಇನ್ನೊಂದು ಕಾಲು ಊರಿತು. ಮತ್ತೆ ಮೊದಲನೇ ಕಾಲು. ನಾದುತ್ತ ನಾದುತ್ತ ಗಂಟಲಲ್ಲಿ ಗುರುಗುರು ಸದ್ದು ಬಂತು, ಕಣ್ಣು ಮುಚ್ಚಿತು, ಅಷ್ಟು ದೊಡ್ಡ ಪ್ರಾಣಿ ಕೌದಿಯ ಮೇಲೆ ಉರುಳಿ ನಿದ್ದೆ ಹೋಯಿತು. ನಿಂಬೆವ್ವ ಅದರ ಹೊಟ್ಟೆಯಡಿಯಿಂದ ಕೌದಿ ಎಳೆದುಕೊಳ್ಳುವಷ್ಟರಲ್ಲಿ ಸುಸ್ತಾದಳು.

ಎರಡನೆಯದು ಒಂದು ಗೂಬೆ, ಆಳೆತ್ತರದ್ದು. ಅದು ಪ್ರತಿ ತೇಪೆಯ ಮೇಲೆ ಕೊಕ್ಕು ತಾಗಿಸಿ, ನೀನು ಯಾರದು ಅಂತ ಕೇಳುತ್ತಿತ್ತು. ತೇಪೆಗಳು ಉತ್ತರ ಹೇಳಬೇಕು. ಚಂಪಾಬಾಯಿಯ ಪಟ್ಟೆ ಹೊಸದು, ಯಾರ ಮೈಮೇಲೂ ಇದ್ದದ್ದಲ್ಲ, ಯಾರದು ಅಂತ ಏನು ಹೇಳೀತು. ಸುಮ್ಮನಿತ್ತು. ಗೂಬೆ ತಲೆ ಅಲ್ಲಾಡಿಸಿತು. ಚಂಪಾಬಾಯಿ ತಿರುಗಿ ನಿಂಬೆವ್ವನನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಅವಳಿರಲಿಲ್ಲ. ಕೌದಿಯ ನಡುವೆ ಒಂದು ಚೌಕದ ತೇಪೆ ಹೆಚ್ಚಾಗಿತ್ತು. ಅದರಲ್ಲಿ ಅವಳ ಮೂಗುತಿ ಹೊಳೆಯುತ್ತಿತ್ತು.

ನಿಂಬೆವ್ವನ ಸರದಿ ಬಂತು. ಗೂಬೆ ಕೇಳಿತು, ತೇಪೆಗಳು ಬಾಯಿಬಿಟ್ಟವು. ನಾನು ಕುಂಬಾರ ಫಕೀರಪ್ಪನ ರುಮಾಲು, ಅಂತ ಒಂದು. ನಾನು ದ್ಯಾಮವ್ವನ ಸೀರೆಯ ಸೆರಗು, ನಾಲ್ಕು ಮಕ್ಕಳ ಮೂಗು ಒರೆಸಿದ್ದೇನೆ, ಅಂತ ಇನ್ನೊಂದು. ನಾನು ತೊಟ್ಟಿಲ ಬಟ್ಟೆ, ನನ್ನ ಕೂಸು ಈಗ ಮೀಸೆ ಬಿಟ್ಟಿದ್ದಾನೆ ಅಂತ ಮತ್ತೊಂದು. ಚಾವಡಿಯೇ ಒಂದು ಊರಾಯಿತು. ಕೊನೆಗೆ ಒಂದು ಹಸಿರು ತೇಪೆ ಮಾತ್ರ ಮಾತಾಡಲಿಲ್ಲ. ಗೂಬೆ ಮತ್ತೆ ಕೇಳಿತು. ಅದು ಸುಮ್ಮನೇ ಇತ್ತು.

ಆಗ ನಿಂಬೆವ್ವನೇ ಹೇಳಿದಳು. "ಅದು ನಮ್ಮವ್ವನ ಕುಪ್ಪಸದ್ದರಿ. ಆಕಿ ಅದಾಳೋ ಇಲ್ಲೋ ಅದಕ್ಕ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮಗ ಗೊತ್ತಿದ್ರ ನೀವ ಹೇಳ್ರಿ."

ಪರೀಕ್ಷಕರನ್ನು ಯಾರೂ ಹಾಗೆ ಪ್ರಶ್ನೆ ಕೇಳಿರಲಿಲ್ಲ. ಗೂಬೆ ಮೆಲ್ಲಗೆ ಕತ್ತು ತಿರುಗಿಸಿತು. ಅದು ತೋರಿಸಿದ ಕಡೆ ಗೋಡೆಯ ಮೂಲೆಯಲ್ಲಿ ಒಂದು ಕೌದಿ ಇತ್ತು. ಅದರ ಒಂದು ತೇಪೆಯ ಮೇಲೆ ಹಚ್ಚೆಯ ಗುರುತು, ಅವ್ವನ ಮುಂಗೈಯ ಮೇಲಿದ್ದ ತುಳಸಿಕಟ್ಟೆ. ನಿಂಬೆವ್ವ ಅತ್ತ ಒಂದು ಹೆಜ್ಜೆ ಇಟ್ಟಳು. ಗೂಬೆ ತಗ್ಗಿದ ದನಿಯಲ್ಲಿ, ನಿನ್ನ ತಾಯಿ ನನ್ನನ್ನು ದಾಟಿ ಹೋದವಳು, ಮುಂದಿನವನು ಕೌದಿಯ ಮೂಲೆ ಬಿಚ್ಚು ಅಂದ, ಆಕೆ ಬಿಚ್ಚಲಿಲ್ಲ, ಅಂತ ಹೇಳಿ ದಾರಿ ಬಿಟ್ಟಿತು.

ಮೂರನೆಯ ಪರೀಕ್ಷಕ ಹಿಮಕೇತು. ದೊರೆಯ ಪಕ್ಕದಲ್ಲೇ ಕೂತಿದ್ದ. ಕೌದಿಯನ್ನು ತಿರುವಿ ನೋಡಿ, ಮೂಲೆ ಒತ್ತಿ ನೋಡಿ, ಒಳಗೆ ಏನಿದು ಅಂತ ಕೇಳಿದ. ರೊಟ್ಟಿ ಅಂದಳು ನಿಂಬೆವ್ವ. ದೊರೆ ಹೊದೆಯುವ ಕೌದಿಯಲ್ಲಿ ಎಂಜಲು ತಂಗಳು ಇಟ್ಟಿದ್ದೀಯಾ, ಬಟ್ಟೆ ದಾರ ಬಿಟ್ಟು ಬೇರೇನೂ ಇರಕೂಡದು ಅನ್ನುವುದು ಪ್ರದರ್ಶನದ ಕಟ್ಟಳೆ, ಬಿಚ್ಚಿ ತೆಗೆ, ಇಲ್ಲವಾದರೆ ನೀನೂ ಗೋಡೆಗೆ ಅಂತ ಗದರಿದ.

ನಿಂಬೆವ್ವ ಗೋಡೆಯ ಕಡೆ ನೋಡಿದಳು. ಅವ್ವನನ್ನು ತೇಪೆ ಮಾಡಿದವನು ಇವನೇ ಅಂತ ಸಿಟ್ಟು ಬಂತು. ಆದರೂ ಹೇಳುವುದನ್ನು ಹೇಳಿದಳು. "ಧಣ್ಯಾರ, ಹಸದ ಕೌದಿ ಹೊಚಗೋಬಾರದರಿ. ಹೊಚಗೊಂಡವರನ್ನ ತಿಂತೈತಿ."

ಹಿಮಕೇತು ನಕ್ಕ. ಅವಳು ಇನ್ನೊಂದು ಸಲ ಹೇಳಿದಳು, ಅವನು ಇನ್ನಷ್ಟು ನಕ್ಕ. ಮೂರನೇ ಸಲ ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಕೌದಿಯನ್ನು ಅವನಿಗೇ ಬಿಟ್ಟು ಹಿಂದೆ ಸರಿದಳು. ಅವನು ತಾನೇ ಹೊಲಿಗೆ ಕಿತ್ತು ರೊಟ್ಟಿಯ ತುತ್ತನ್ನು ನೆಲಕ್ಕೆ ಎಸೆದ, ತುತ್ತು ಚಳಿಗೆ ಗಾಜಿನಂತೆ ಒಡೆದು ಪುಡಿಯಾಯಿತು. ಆಮೇಲೆ, ನೋಡೋಣ ಇದರ ಬಿಸಿ ಎಷ್ಟಿದೆ ಅಂತ ಕೌದಿಯನ್ನು ಮೈತುಂಬ ಹೊದ್ದುಕೊಂಡ.

ಕೌದಿ ತಿನ್ನತೊಡಗಿತು. ಮೊದಲು ಅವನ ನೆರಳನ್ನು ತಿಂದಿತು. ಆಮೇಲೆ ಮಂತ್ರಗಳನ್ನು, ಒಂದೊಂದಾಗಿ. ಒಂದು ಮಂತ್ರ ಹೋದಾಗ ಗೋಡೆಯ ಒಂದು ಕೌದಿ ಜೋರಾಗಿ ಉಸಿರೆಳೆಯಿತು, ಅದರೊಳಗಿಂದ ಒಬ್ಬಳು ಹೆಂಗಸು ಹೊಸ್ತಿಲು ದಾಟಿದಂತೆ ಇಳಿದು ಬಂದಳು. ಹೊಳೆಯ ಕೌದಿಯಿಂದ ಒಬ್ಬಳು, ಒದ್ದೆ ಕಾಲಲ್ಲಿ. ಗಿಳಿಗಳ ಕೌದಿಯಿಂದ ಒಬ್ಬಳು, ಅವಳ ಹಿಂದೆಯೇ ಗಿಳಿಗಳೂ ಚಾವಡಿ ತುಂಬ. ಚಂಪಾಬಾಯಿ ಬಂದವಳು ಮೊದಲು ಮೂಗುತಿ ಮುಟ್ಟಿ ನೋಡಿಕೊಂಡಳು. ಹೊರಗೆ ಕಾರಂಜಿಯ ನೀರು ಧೊಪ್ಪನೆ ಕೆಳಗೆ ಬಿತ್ತು. ದೊರೆಯ ಹಲ್ಲಿನ ಕಟಕಟ ನಿಂತಿತು. ಎಲ್ಲರೂ ಕೈ ಮುಗಿದು ನಿಂತರು, ಯಾರಿಗೆ ಅಂತ ಅವರಿಗೇ ಗೊತ್ತಿರಲಿಲ್ಲ.

ಮಂತ್ರ ಮುಗಿದರೂ ಕೌದಿಯ ಹಸಿವು ಮುಗಿಯಲಿಲ್ಲ. ಅದು ಹಿಮಕೇತುವಿನ ಮೈಯನ್ನೇ ತಿನ್ನತೊಡಗಿತು. ಅವನ ಕೂದಲು ಬೆಳ್ಳಗಾಯಿತು, ತೋಳು ಕಡ್ಡಿಯಾದವು, ಕೂಗಲು ದನಿಯೂ ಉಳಿಯಲಿಲ್ಲ. ನಿಂಬೆವ್ವ ಕೈ ಕಟ್ಟಿಕೊಂಡು ನೋಡುತ್ತ ನಿಂತಳು. ತಿನ್ನಲಿ, ಮಾಡಿದ್ದುಣ್ಣೋ ಮಹರಾಯ ಅಂದುಕೊಂಡಳು. ಅವಳಿಗೆ ಸಮಾಧಾನವಾಗುತ್ತಿತ್ತು.

ಕೊನೆಗೆ ಮೂಲೆಯ ಕೌದಿಯಿಂದ ಸಂಗವ್ವ ಇಳಿದಳು. ನಿಂಬೆವ್ವ ಅವ್ವಾ ಅಂತ ಓಡಿದಳು. ಸಂಗವ್ವನ ಕಣ್ಣು ಮಗಳ ಮುಖಕ್ಕಿಂತ ಮೊದಲು ಹೋದದ್ದು ಕೌದಿಯ ಬಿಚ್ಚಿದ ಮೂಲೆಗೆ.

"ಉಪಾಸ ಕೌದಿ ಹೊಚಗೊಳ್ಳಾಕ ಬಿಟ್ಟಿ ಏನ? ಇದನ್ನ ಕಲಿಸಿದ್ನೇನ ನಿನಗ ನಾ?"

"ಅವ್ವಾ, ನಿನ್ನ ಗ್ವಾಡಿಗೆ ನೇತ ಹಾಕಿದವ ಇವನ."

"ಗೊತ್ತೈತಿ. ಗ್ವಾಡಿ ಮ್ಯಾಲ ಇದ್ದಾಕಿ ನಾನು. ಇವನೂ ಸಾಯಬಾರದಂತ ಅವತ್ತ ಮೂಲಿ ಬಿಚ್ಚಲಿಲ್ಲ. ಮೊದಲ ರೊಟ್ಟಿ ತಾ."

ನಿಂಬೆವ್ವನ ಬುತ್ತಿ ದಾರಿಯಲ್ಲೇ ಮುಗಿದಿತ್ತು. ಆಗ ದೊರೆಯೇ ಎದ್ದು ಓಡಿದ. ತನ್ನ ಅರಮನೆಯ ಅಡುಗೆಮನೆ ಎಲ್ಲಿದೆ ಅಂತ ಅವನಿಗೆ ಗೊತ್ತಿರಲಿಲ್ಲ, ಕೇಳಿಕೊಂಡು ಕೇಳಿಕೊಂಡು ಓಡಿದ. ಹಂಚಿನ ಮೇಲಿನ ರೊಟ್ಟಿಯನ್ನೇ ಎತ್ತಿಕೊಂಡು, ಆ ಕೈಯಿಂದ ಈ ಕೈಗೆ ಹಾಕುತ್ತ ಬಂದ. ಕೈ ಸುಟ್ಟಿತ್ತು, ಬೆಂಕಿಗೆ ಮತ್ತೆ ಬಿಸಿ ಬಂದಿತ್ತಲ್ಲ, ಅದಕ್ಕೆ ದೊರೆ ಮಕ್ಕಳಂತೆ ನಗುತ್ತಿದ್ದ. ಸಂಗವ್ವ ತುತ್ತು ಮುರಿದು ಮೂಲೆಗಿಟ್ಟು, ಉಣ್ಣು ತಾಯಿ ಅಂದಳು. ಅಲ್ಲೇ ಕೂತು ಹೊಲಿದಳು. ಕೌದಿ ಒಂದು ಸಲ ತೇಗಿ ಸುಮ್ಮನಾಯಿತು.

ಅದರ ಅಡಿಯಲ್ಲಿ ಈಗ ಮಾಂತ್ರಿಕ ಇರಲಿಲ್ಲ. ಒಬ್ಬ ಬಡಕಲು ಮುದುಕ ಮೊಣಕಾಲು ಮಡಚಿ ಮಲಗಿ ಅಳುತ್ತಿದ್ದ. ಯಾಕೆ ಅಂತ ಕೇಳಿದ್ದಕ್ಕೆ, ಹುಟ್ಟಿದಾಗಿನಿಂದ ಯಾರೂ ನನಗೆ ಹೊದಿಸಿರಲಿಲ್ಲ ಅಂದು, ಅಳುತ್ತಲೇ ನಿದ್ದೆ ಹೋದನಂತೆ. ದೊರೆ ಅವನನ್ನು ಗಡೀಪಾರು ಮಾಡುತ್ತೇನೆ ಅಂತ ಹೊರಟ. ಸಂಗವ್ವ, ನಿದ್ದೆಯಾದರೂ ಮುಗಿಯಲಿ ತಡೀರಿ ಅಂದಳು. ನಿದ್ದೆ ಮುಗಿಯುವಷ್ಟರಲ್ಲಿ ದೊರೆಯ ಸಿಟ್ಟೂ ಮುಗಿದಿತ್ತು. ಆ ಮುದುಕ ಅರಮನೆಯಲ್ಲೇ ಕೌದಿ ಹೊಲಿಯುವವರಿಗೆ ಸೂಜಿ ಪೋಣಿಸಿಕೊಡುತ್ತ ಉಳಿದ.

ಪ್ರತಿ ಮಾಗಿಯಲ್ಲೂ ಪ್ರದರ್ಶನ ನಡೆಯುತ್ತದೆ. ಪರೀಕ್ಷಕರು ಈಗ ಬೇರೆ, ಊರ ಮಕ್ಕಳು. ಯಾವ ಕೌದಿಯಡಿ ಮಕ್ಕಳು ಬೇಗ ನಿದ್ದೆ ಹೋಗುತ್ತಾರೋ ಅದಕ್ಕೆ ಬಹುಮಾನ. ಹುಲಿ ಕೂಡ ಮಕ್ಕಳ ಸಾಲಿನಲ್ಲಿ ಮಲಗಲು ಬರುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಹೊಂಬಿಸಿಲ ಪಟ್ಟಣದಲ್ಲಿ ಅಂದಿನಿಂದ ಉಣ್ಣದೆ ಮಲಗಿದವರಿಲ್ಲ, ಹೊದೆಯದೆ ನಡುಗಿದವರಿಲ್ಲ.

ನಿಂಬೆವ್ವ ಅವ್ವನ ಕೈ ಹಿಡಿದು ಬಿಳಿಜೋಳದ ಹಳ್ಳಿಯ ದಾರಿ ಹಿಡಿದಳು. ಸಂಗವ್ವ ದಾರಿಯುದ್ದಕ್ಕೂ ಬೈದಳು. ಮೂರನೇ ಸಲ ಯಾಕೆ ಹೇಳಲಿಲ್ಲ, ಒಂದು ಜೀವ ಹೋಗಿದ್ದರೆ ಏನು ಮಾಡುತ್ತಿದ್ದೆ, ಅಂಚಿನ ಹೊಲಿಗೆ ಇಷ್ಟು ದೂರ ದೂರ ಯಾಕೆ ಹಾಕಿದ್ದೀ, ಯಾಕೆ ಇಷ್ಟು ಸೊರಗಿದ್ದೀ. ನಿಂಬೆವ್ವ ಒಂದಕ್ಕೂ ಎದುರಾಡಲಿಲ್ಲ. ಅವ್ವ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಇನ್ನೂ ಬೈಯವ್ವ ಅಂದಳು, ಅನ್ನುತ್ತ ಅತ್ತಳು.