ಗದ್ದುಗೆಯ ಮೇಲಿನ ತೊಲೆ

೨೦೦೮ರ ಜುಲೈ ೧೪, ಬೆಳಿಗ್ಗೆ ಹತ್ತು ಗಂಟೆಗೆ ಪಂಡರಿ ಬಸವಕಲ್ಯಾಣ ಠಾಣೆಗೆ ಬಂದ. ಹಿಂದಿನ ದಿನ ಬಿರಾದಾರ ವಾಡೆಯಲ್ಲಿ ಮರದ ತೊಲೆ ಮುರಿದು ಬಿದ್ದು, ಕಸ ಗುಡಿಸುತ್ತಿದ್ದ ಅವನ ಹೆಂಡತಿ ಸಖುಬಾಯಿ ಸತ್ತಿದ್ದಳು. ಹಳೇ ಮನೆ, ಅವಳ ಹಣೆಬರಹ ಎಂದು ಓಣಿಯೆಲ್ಲ ಅಂದಿತ್ತು. ಠಾಣೆಯೂ ಅಸಹಜ ಸಾವೆಂದು ಬರೆದು ಕೈ ತೊಳೆದುಕೊಂಡಿತ್ತು. ಯುಗಾದಿಯ ಮುಂದೆ ವಾಡೆಯವರು ತೊಲೆಯೊಳಗೆ ಕ್ಯಾಮೆರಾ ಬಿಡಿಸಿ ನೋಡಿ, ಗಟ್ಟಿ ಇದೆ ಅಂದಿದ್ದರಲ್ಲ, ಮತ್ತೆ ಹೇಗೆ ಬಿತ್ತು ಎಂಬುದು ಪಂಡರಿಯ ಪ್ರಶ್ನೆ. ಪಿಎಸ್‌ಐ ಮಹಾರುದ್ರಪ್ಪನವರಿಗೆ ತಮ್ಮ ಠಾಣೆಯ ಮೇಲೇ ಸಿಟ್ಟು ಬಂತು. ಎಫ್‌ಐಆರ್ ಹಾಕಿಸಿ ಹೊರಟರು.

ವಾಡೆಯ ನಡುಮನೆಯಲ್ಲಿ ಬಿರಾದಾರ ಮನೆತನದ ಶರಣರೊಬ್ಬರ ಗದ್ದುಗೆ. ಊರೇ ಬಂದು ಅಡ್ಡಬೀಳುವ ಜಾಗ. ತೊಲೆ ಬಿದ್ದದ್ದೂ ಅದರ ಮೇಲೆಯೇ. ಪಂಚನಾಮೆಗೆಂದು ಎತ್ತಿ ನೋಡಿದರೆ ಒಳಗೆಲ್ಲ ಗೆದ್ದಲು ಮಣ್ಣು. ಯಜಮಾನ ಶಂಕರಲಿಂಗ ಬಿರಾದಾರ ಹಣೆತುಂಬ ವಿಭೂತಿ ಬಳಿದುಕೊಂಡು ನಿಂತಿದ್ದ. ಪುಣೆಯ ಎಂಜಿನಿಯರು ಕಂಪ್ಯೂಟರಿನಲ್ಲೇ ನೋಡಿ ಒಪ್ಪಿದ್ದಾರೆ, ಕೇಳುವುದಿದ್ದರೆ ಅವರನ್ನು ಕೇಳಿ ಅಂದ.

ಎಂಜಿನಿಯರು ಪುಣೆ ಬಿಟ್ಟು ಬಂದೇ ಇರಲಿಲ್ಲ. ತೊಲೆಗೆ ಸಣ್ಣ ತೂತು ಕೊರೆದು, ತಂತಿಯ ತುದಿಯ ಕ್ಯಾಮೆರಾ ಇಳಿಸಿ, ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಕಳಿಸಿದವನು ಹುಮನಾಬಾದಿನ ಕಂಪ್ಯೂಟರ್ ಅಂಗಡಿಯ ಯುನೂಸ್. ಮಧ್ಯಾಹ್ನ ಅವನ ಅಂಗಡಿಯಲ್ಲಿ ಕುಳಿತು ಮಹಾರುದ್ರಪ್ಪ ಅವೇ ಚಿತ್ರಗಳನ್ನು ನೋಡಿದರು. ಒಳಗೆ ಸಾಗವಾನಿ ಕಲ್ಲಿನ ಹಾಗಿದೆ. ಆದರೆ ತೂತಿನ ಸುತ್ತ ಒಲೆಯ ಹೊಗೆ ಹಿಡಿದ ದಪ್ಪ ಮಸಿ. ಬಿದ್ದ ತೊಲೆಗೆ ಮಸಿಯೂ ಇರಲಿಲ್ಲ, ಕೊರೆದ ತೂತೂ ಇರಲಿಲ್ಲ.

“ಇದು ಯಾವ ತೊಲಿ?”

“ಅಡಗಿಮನೀದು ಸಾಹೇಬ್ರ,” ಯುನೂಸ್ ತಲೆ ತಗ್ಗಿಸಿದ. “ಗದ್ದುಗಿ ಮ್ಯಾಲ ಏಣಿ ಹತ್ತಿದ್ರ ಶರಣರ ತಲಿಮ್ಯಾಲ ಕಾಲಿಟ್ಟಂಗ ಅಂದ್ರು ಯಜಮಾನ್ರು. ಎಲ್ಲಾ ಒಂದ ಕಟಗಿ, ಇದನ್ನ ಅದು ಅಂತ ಕಳ್ಸು ಅಂದ್ರು. ನಾ ಮುಸಲ್ಮಾನ, ಹಟಾ ಹ್ಯಾಂಗ ಮಾಡ್ಲಿ?”

ತೊಲೆಗೆ ಸುಳ್ಳು ಹೆಸರು ಹಾಕಿ ಕಳಿಸಿದ್ದಕ್ಕೆ ಅವನೂ ಆರೋಪಿಯಾದ. ಏಣಿಯ ಮಾತು ಮಾತ್ರ ಮಹಾರುದ್ರಪ್ಪನವರಿಗೆ ತಟ್ಟಿತು. ಅವರದೂ ಲಿಂಗ ಕಟ್ಟುವ ಮನೆತನ; ತಾವಾದರೂ ಹಾಗೇ ಅನ್ನುತ್ತಿದ್ದರೇನೋ. ಭಕ್ತಿಯ ತಪ್ಪೆಂದು ನಿರ್ಲಕ್ಷ್ಯದ ಕಲಮಿಗೇ ನಿಲ್ಲಿಸಬಹುದಿತ್ತು.

ಸಂಜೆ ಪಂಡರಿಯ ಹೇಳಿಕೆ ಪಡೆದಾಗ ಆ ಮೆದುತನವೂ ಹೋಯಿತು.

“ಯಜಮಾನ್ರು ಮೊದ್ಲ ಗದ್ದುಗಿ ಮುಂದ ಕುಂತ ಪೂಜಿ ಮಾಡ್ತಿದ್ರು. ಯುಗಾದಿ ಆದಿಂದ ಹೊಸ್ತಿಲದಾಗ ಕುಂದ್ರಾಕತ್ತಿದ್ರು. ತಲಿಮ್ಯಾಲ ತೊಲಿ ಹುಡಿ ಬೀಳ್ತದ ಅಂತಿದ್ರು. ನಮ್ಮಾಕಿಗೆ ಕಸಾ ಹೊಡಿಯೂದು ಬಿಡಿಸಲಿಲ್ರಿ.”

ಗೊತ್ತಿತ್ತು ಈ ಭಕ್ತನಿಗೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮಹಾರುದ್ರಪ್ಪನವರ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಸಾವಿಗೆ ಕಾರಣನಾದನೆಂದು ದೊಡ್ಡ ಕಲಮನ್ನೇ ಸೇರಿಸಿ, ಶಂಕರಲಿಂಗನನ್ನು ಬಂಧಿಸಿ ತಂದರು.

ಏಣಿಯ ಮಾತು ಬರೀ ನೆಪ; ಅವನ ಭಯ ಬೇರೆಯೇ ಇತ್ತು. ತೊಲೆ ಬದಲಿಸಬೇಕಾದರೆ ಗದ್ದುಗೆಯನ್ನು ಬೇರೆಡೆಗೆ ಎಬ್ಬಿಸಬೇಕು. ಒಮ್ಮೆ ಎದ್ದ ಗದ್ದುಗೆ ಮರಳಿ ಮನೆಗೆ ಬರುವುದಿಲ್ಲ. ಆಮೇಲೆ ಬಿರಾದಾರನಿಗೆ ಕೈಮುಗಿಯುವವರು ಯಾರು?

“ಆಕಿಗರ ಯಾಕ ಹೇಳ್ಲಿಲ್ಲ?” ಮಹಾರುದ್ರಪ್ಪ ಕೇಳಿದರು.

“ಹೇಳಿದ್ರ ಆಕಿ ಬರ್ತಿರ್ಲಿಲ್ರಿ,” ಅಂದ ಶಂಕರಲಿಂಗ. “ಗದ್ದುಗಿ ಕಸಾ ಯಾರ ಹೊಡೀಬೇಕು?”

ಎತ್ತಿದ ಕೈಯನ್ನು ಮಹಾರುದ್ರಪ್ಪ ಕಷ್ಟಪಟ್ಟು ಇಳಿಸಿದರು. ಆ ಮಾತನ್ನು ಒಂದಕ್ಷರ ಬಿಡದೆ ಬರೆಸಿದರು. ಬಾಗಿಲಲ್ಲಿ ನಿಂತಿದ್ದ ಪಂಡರಿ ಎಲ್ಲವನ್ನೂ ಕೇಳಿಸಿಕೊಂಡ.