ಜೀರುಂಡೆಯ ಮೇಲೆ ಬಂದ ಆರೋಪ

ಡೊಮಿನಿಕಾ ದ್ವೀಪ ಬಿರುಗಾಳಿಗಳನ್ನು ಕಂಡಿದೆ, ಭೂಕಂಪಗಳನ್ನು ಕಂಡಿದೆ. ಆದರೆ ನಮ್ಮ ಮೋರ್ನ್ ಕಾಸೆ ಹಳ್ಳಿಯನ್ನು ನಿಜಕ್ಕೂ ನಡುಗಿಸಿದ್ದು ದೀವಿಹಲಸಿನ ಒಂದು ಕೊಂಬೆ ಮುರಿದುಬಿದ್ದ ಘಟನೆ.

ಮಾ ಒಡೆಟ್ ಕಸ್ಟಮ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜೀವನವಿಡೀ ಪರರ ಪೆಟ್ಟಿಗೆ ಬಿಚ್ಚಿಸಿದ್ದರಿಂದ ಯಾರ ಮಾತನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ನಾನು ಅವರ ಹಿಂದಿನ ಕೋಣೆಯ ಬಾಡಿಗೆದಾರ, ದರ್ಜಿ. ಆ ಬೆಳಿಗ್ಗೆ ನಾವು ಕೋಕೋ ಕುಡಿಯುತ್ತಿದ್ದಾಗ ಮುದುಕ ಪಾ ಟೆಯೋಫಿಲ್ ಮಳೆಯಲ್ಲಿ ತೊಯ್ದು ಬಂದು ಬಾಗಿಲಲ್ಲಿ ನಿಂತ.

"ಮಾ ಒಡೆಟ್, ನನ್ನ ದೀವಿಹಲಸಿನ ಮರಕ್ಕೆ ಗರಗಸದ ಹುಳ ಹೊಕ್ಕಿದೆಯಂತೆ. ಮಧ್ಯಾಹ್ನ ಕೊಡಲಿ ತರ್ತಾರಂತೆ."

ನಮ್ಮೂರ ನಂಬಿಕೆ ಹೀಗೆ: ಗರಗಸದ ಹುಳ ಎಂದು ಕರೆಯುವ ದೊಡ್ಡ ಕೊಂಬಿನ ಜೀರುಂಡೆ ಎರಡು ಕೊಂಬುಗಳ ನಡುವೆ ರೆಂಬೆ ಹಿಡಿದು, ಅದರ ಸುತ್ತ ಗಿರಗಿರನೆ ಹಾರಿ ಕೊಯ್ದುಹಾಕುತ್ತದೆ. ಅದು ಹೊಕ್ಕ ಮರವನ್ನು ಉಳಿಸಿದರೆ ಊರಿನ ಮರಗಳೆಲ್ಲ ಹೋದಂತೆ. ಟೆಯೋಫಿಲ್‌ಗೆ ಆ ಮರದ ಕಾಯಿಯೇ ಊಟ. ತಿಂದು ಮಿಕ್ಕಿದ್ದನ್ನು ಬೀದಿಗೆಲ್ಲ ಹಂಚುತ್ತಿದ್ದ, ಕಾಸು ಕೇಳುತ್ತಿರಲಿಲ್ಲ.

ಹೋಗಿ ನೋಡಿದೆವು. ದಿನಗಳಿಂದ ಬಿಡದ ಮಳೆ ಇನ್ನೂ ಹನಿಯುತ್ತಿತ್ತು. ಕೊಂಬೆಯ ಮೇಲ್ಭಾಗದ ಕೊಯ್ತ ನುಣುಪಾಗಿತ್ತು. ಕೆಳಗೆ ತೊಗಟೆ ಸೀಳಿ ಜೋತಾಡುತ್ತಿತ್ತು. ಪಕ್ಕದಲ್ಲೇ ಆರೋಪಿ: ಅಂಗೈ ತುಂಬುವ ಗಂಡು ಜೀರುಂಡೆ, ಹಸಿರು ಬೆರೆತ ಹಳದಿ ಬೆನ್ನು, ಕಪ್ಪು ಚುಕ್ಕೆ. ಬ್ರೆಡ್ ಸುಡುವ ಆನ್ಸೆಲ್ಮ್ ಅದನ್ನು ಮೊದಲು ಕಂಡವನು ತಾನೆಂದು ಬಂದವರಿಗೆಲ್ಲ ಹೇಳುತ್ತ ನಿಂತಿದ್ದ. ಮಾ ಒಡೆಟ್ ಹುಳವನ್ನೆತ್ತಿ, ಕೊಂಬಿನಡಿಯ ಹೊಂಬಣ್ಣದ ರೋಮದಲ್ಲಿ ಬೆರಳಾಡಿಸಿ, ಬೆರಳನ್ನು ಮೂಸಿದರು. ಆಮೇಲೆ ಅದನ್ನು ಬುಟ್ಟಿಯಲ್ಲಿ ಮುಚ್ಚಿ ನಮ್ಮ ಒದ್ದೆ ಜಗಲಿಯಲ್ಲಿ ತೂಗುಹಾಕಿದರು.

ಮಧ್ಯಾಹ್ನ ಕೊಡಲಿಯೊಂದಿಗೆ ಊರು ಮರದಡಿ ಸೇರಿತು. ಮಾ ಒಡೆಟ್ ಬುಟ್ಟಿ ತೆರೆದರು. ಒಳಗಿದ್ದ ಹುಳ ಇದ್ದಿಲಿನಷ್ಟು ಕಪ್ಪು. ಹುಳ ಬದಲಾಗಿದೆ, ಕರಿಯದೇ ಬೇರೆ ಜಾತಿ ಎಂದು ಗುಲ್ಲೆದ್ದಿತು.

"ಜಾತಿ ಎರಡಲ್ಲ, ಒಂದೇ. ಒದ್ದೆಯಾದ್ರೆ ಬೆನ್ನು ಕಪ್ಪಾಗತ್ತೆ, ಒಣಗಿದ್ರೆ ಹಳದಿ. ಅನುಮಾನ ಇದ್ದೋರು ಒಲೆ ಹತ್ರ ಇಟ್ಟು ನೋಡಿ."

ಮಾ ಒಡೆಟ್ ಹುಳದ ಕೊಂಬುಗಳ ನಡುವೆ ಬೆರಳು ಗಾತ್ರದ ಕಡ್ಡಿಯಿಟ್ಟರು. ಜೀರುಂಡೆ ಹಿಡಿದು, ಎತ್ತಿ ಬಿಸಾಡಿ, ಬುಟ್ಟಿಯಲ್ಲಿ ಅದಕ್ಕೆಂದು ಹಾಕಿದ್ದ ಕೊಳೆತ ಬಾಳೆಹಣ್ಣಿನತ್ತ ತಿರುಗಿತು. ಕಡ್ಡಿಯ ಮೇಲೆ ಒಂದು ಗೀರೂ ಇರಲಿಲ್ಲ. ಕೊಂಬು ಇರುವುದು ಇನ್ನೊಂದು ಗಂಡನ್ನು ಕೆಡವಲು, ಮರ ಕೊಯ್ಯಲು ಅಲ್ಲ ಎಂದರು. ಸುತ್ತ ಹಾರಿ ಕೊಯ್ದಿದ್ದರೆ ಕೊಯ್ತ ಸುತ್ತಲೂ ಇರಬೇಕಿತ್ತು. ಇದು ಮೇಲಿನಿಂದ ಇಳಿದಿದೆ, ಕಡೆಗೆ ಭಾರಕ್ಕೆ ಸೀಳಿದೆ. ಕೊಯ್ದದ್ದು ಮನುಷ್ಯನ ಗರಗಸ.

"ರಾತ್ರಿಯೆಲ್ಲ ಮಳೇಲಿದ್ದ ಹುಳ ಬೆಳಿಗ್ಗೆ ಕಪ್ಪಗಿರಬೇಕಿತ್ತು, ಹಳದಿ ಇತ್ತು. ಅಂದ್ರೆ ಆಗಷ್ಟೇ ತಂದಿಟ್ಟಿದ್ದು, ಒಣಗಿದ ಜಾಗದಿಂದ. ಈ ಮಳೇಲಿ ನಮ್ಮ ಹಾಸಿಗೆಗೇ ಬೂಸು ಬಂದಿದೆ. ಊರಲ್ಲಿ ಒಣಗಿರೋದು ಬ್ರೆಡ್ ಒಲೆ ಮೇಲಿನ ಅಟ್ಟ ಒಂದೇ. ರೋಮದಲ್ಲಿ ಹಿಟ್ಟೂ ಇತ್ತು, ಆನ್ಸೆಲ್ಮ್."

"ಹಿಟ್ಟು ಯಾರ ಮನೇಲಿಲ್ಲ, ಮಾ?"

"ಯೀಸ್ಟ್ ವಾಸನೆ ಹೊಡೆಯೋ ಹಿಟ್ಟು?"

ಆನ್ಸೆಲ್ಮ್ ಮರವನ್ನು ನೋಡಿದ. "ಇದು ಕಾಯಿ ಬಿಟ್ರೆ ನನ್ನ ಬ್ರೆಡ್ ಯಾರೂ ಮುಟ್ಟಲ್ಲ. ಬಿಟ್ಟಿ ಊಟದೆದುರು ನಾನು ಹೇಗೆ ಅಂಗಡಿ ನಡೆಸ್ಲಿ?"

ಕೊಡಲಿ ತಂದವರು ಅದನ್ನು ಹೆಗಲಿಗೇರಿಸಿ ಮನೆಗೆ ನಡೆದರು. ಮರವನ್ನು ಕಡಿಯಲಿಲ್ಲ.